ದೊಡ್ಡ ಮದುವೆಯ ಫೋಟೋ ತೆಗೆಯುವವರು ಗುಟ್ಟು ಕಾಯುವುದು ಹೇಗೆ

ದೊಡ್ಡ ಮದುವೆಗಳ ಫೋಟೋ ಕೆಲಸಕ್ಕೆ ಹೊಸದಾಗಿ ಬರುವವರು ನನ್ನ ಹತ್ತಿರ ಲೆನ್ಸ್ ಬಗ್ಗೆ ಕೇಳುತ್ತಾರೆ, ಲೈಟಿಂಗ್ ಬಗ್ಗೆ ಕೇಳುತ್ತಾರೆ. ಗುಟ್ಟು ಕಾಯುವುದರ ಬಗ್ಗೆ ಕೇಳುವವರು ಕಡಿಮೆ. ಆದರೆ ಹಣವಿರುವವರು, ಹೆಸರಿರುವವರು ನಮ್ಮನ್ನು ಮತ್ತೆ ಕರೆಯುವುದು ಹೆಚ್ಚಾಗಿ ಅದಕ್ಕೇ. ಮದುವೆ ದಿನ ಬೆಳಿಗ್ಗೆ ಎಲ್ಲರೂ ಕ್ಯಾಮೆರಾ ಕಂಡರೆ ನೆಟ್ಟಗೆ ನಿಲ್ಲುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಾವು ಅಲ್ಲಿದ್ದೇವೆ ಅನ್ನುವುದನ್ನೇ ಮರೆತಿರುತ್ತಾರೆ. ಆಗ ಅಳುತ್ತಾರೆ, ಸಿಟ್ಟಾಗುತ್ತಾರೆ, ಆಸ್ತಿಯ ಮಾತು, ಕಾಯಿಲೆಯ ಮಾತು ಎಲ್ಲ ನಮ್ಮ ಎದುರಿಗೇ ಆಡುತ್ತಾರೆ. ನಮ್ಮ ಒಳ್ಳೆಯ ಫೋಟೋಗಳು ಬರುವುದು ಆ ಮರೆವಿನಿಂದ. ಅವರಿಗೆ ಕೇಡು ತರುವ ಫೋಟೋ ಬರುವುದೂ ಅಲ್ಲಿಂದಲೇ.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಒಂದು ಮದುವೆ ಮುಗಿದ ಮಾರನೇ ದಿನ ಹೂವಿನ ಅಲಂಕಾರದ ಒಂದು ಫೋಟೋವನ್ನು ನನ್ನ ಖಾತೆಯಲ್ಲಿ ಹಾಕಿದೆ. ಯಾರ ಮುಖವೂ ಇರಲಿಲ್ಲ, ಹೆಸರೂ ಬರೆದಿರಲಿಲ್ಲ. ಆದರೆ ಹೂವಿನ ಹಿಂದೆ ಒಂದು ಕನ್ನಡಿ ಇತ್ತು, ಕನ್ನಡಿಯಲ್ಲಿ ಯಾರು ಯಾವ ಮೇಜಿನಲ್ಲಿ ಕೂರಬೇಕು ಎನ್ನುವ ಪಟ್ಟಿ ಉಲ್ಟಾ ಆಗಿ ಕಾಣುತ್ತಿತ್ತು. ಯಾರೋ ಅದನ್ನು ತಿರುಗಿಸಿ ಓದಿದರು. ಬಂದಿದ್ದ ನೆಂಟರಲ್ಲಿ ಹಲವರು ಇನ್ನೂ ಅದೇ ಜಾಗದಲ್ಲಿ ತಂಗಿದ್ದರು. ಮದುಮಗಳು ಫೋನ್ ಮಾಡಿದಾಗ ಆಕೆಯ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ಒಂದು ಗಂಟೆಯೊಳಗೆ ಫೋಟೋ ತೆಗೆದುಹಾಕಿದೆ. ಅಷ್ಟರಲ್ಲಿ ಅದರ ನಕಲು ಎಲ್ಲೆಲ್ಲಿಗೋ ಹೋಗಿತ್ತು. ಈಗ ಹೇಳುವುದೆಲ್ಲ ಅದರ ನಂತರ ನಾನು ಒಂದೊಂದಾಗಿ ರೂಢಿ ಮಾಡಿಕೊಂಡದ್ದು.

ಯಾರಿಂದ ಬಚ್ಚಿಡಬೇಕು ಅಂತ ಮೊದಲು ಕೇಳಿ

ಮೊದಲ ಭೇಟಿಯಲ್ಲಿ ಮದುಮಕ್ಕಳು "ನಮಗೆ ಪ್ರೈವೆಸಿ ಬೇಕು" ಅಂತ ಹೇಳುತ್ತಾರೆ, ನಾವು "ಆಯ್ತು" ಅಂತ ತಲೆ ಆಡಿಸುತ್ತೇವೆ. ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಅರ್ಥ ಇರುತ್ತದೆ. ಹಾಗಾಗಿ ನೇರವಾಗಿ ಕೇಳಿ: ಯಾರಿಂದ? ಪತ್ರಿಕೆಯವರಿಂದಲಾ, ಕಚೇರಿಯವರಿಂದಲಾ, ಮನೆಯದೇ ಒಂದು ಕವಲಿನಿಂದಲಾ, ಹಳೆಯ ಸಂಗಾತಿಯಿಂದಲಾ? ಉತ್ತರ ಬದಲಾದರೆ ಕೆಲಸವೇ ಬದಲಾಗುತ್ತದೆ. ಪತ್ರಿಕೆಯವರ ಭಯವಿದ್ದರೆ ಮದುವೆ ದಿನ ಮತ್ತು ಆಮೇಲಿನ ಒಂದು ವಾರ ಮುಖ್ಯ, ಸುದ್ದಿ ಹಳತಾದ ಮೇಲೆ ಅಷ್ಟು ಬಿಗಿ ಬೇಕಿಲ್ಲ. ಹಿಂಬಾಲಿಸುವ ಒಬ್ಬ ವ್ಯಕ್ತಿಯ ಭಯವಿದ್ದರೆ ಮುಖಕ್ಕಿಂತ ಜಾಗವನ್ನು ಮುಚ್ಚಿಡಬೇಕು, ಕಿಟಕಿಯಾಚೆಯ ಕಟ್ಟಡ, ಕಾರಿನ ನಂಬರ್, ರೂಮಿನ ಬಾಗಿಲು, ಅದೂ ಬಹಳ ವರ್ಷಗಳವರೆಗೆ. ಮನೆಯವರೊಳಗೇ ಮನಸ್ತಾಪವಿದ್ದರೆ ಫೋಟೋಗಳ ಆನ್‌ಲೈನ್ ಗ್ಯಾಲರಿಯ ಲಿಂಕ್ ಯಾರ ಕೈಗೆ ಹೋಗಬೇಕು ಎನ್ನುವುದೇ ದೊಡ್ಡ ಪ್ರಶ್ನೆ.

ಈ ಮಾತನ್ನು ಮದುಮಕ್ಕಳ ಜೊತೆ ಮಾತ್ರ ಆಡಿ. ದುಡ್ಡು ಕೊಡುವ ಅಪ್ಪ ಅಮ್ಮ ಎದುರಿಗಿದ್ದರೆ ಕೆಲವು ಉತ್ತರಗಳು ಬಾಯಿಗೆ ಬರುವುದಿಲ್ಲ. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ಕೆದಕಬೇಡಿ. ಏನು ಮುಚ್ಚಬೇಕು ಅನ್ನುವುದು ಗೊತ್ತಾದರೆ ಸಾಕು.

ಒಪ್ಪಂದವನ್ನು ಕಾನೂನಿಗೆ ಬಿಡಬೇಡಿ

ಫೋಟೋ ಯಾರದು ಎನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಅಮೆರಿಕದಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಫೋಟೋಗ್ರಾಫರ್ ತೆಗೆದ ಮದುವೆ ಚಿತ್ರದ ಹಕ್ಕು, ಬೇರೆ ಬರಹ ಇಲ್ಲದಿದ್ದರೆ, ತೆಗೆದವರದೇ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು, ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ. ಬ್ರಿಟನ್ನಿನ 1988ರ ಕಾಯ್ದೆ ಇನ್ನೂ ಒಂದು ದಾರಿ ಹಿಡಿದಿದೆ. ಅಲ್ಲಿ ಹಕ್ಕು ಸಾಮಾನ್ಯವಾಗಿ ಫೋಟೋಗ್ರಾಫರ್‌ದು, ಆದರೆ ಮನೆಯ ಖಾಸಗಿ ಕೆಲಸಕ್ಕೆ ಅಂತ ತೆಗೆಸಿದ ಫೋಟೋವನ್ನು ಸಾರ್ವಜನಿಕರಿಗೆ ತೋರಿಸದಂತೆ ತಡೆಯುವ ಹಕ್ಕು ತೆಗೆಸಿದವರಿಗಿದೆ, ಅದು 85ನೇ ಸೆಕ್ಷನ್. ಮದುಮಕ್ಕಳು ಒಂದು ದೇಶದವರು, ಮದುವೆ ಇನ್ನೊಂದು ದೇಶದಲ್ಲಿ, ನೀವು ಮೂರನೆಯ ದೇಶದವರು ಅಂತಾದರೆ ಇದು ಸಿಕ್ಕು ಸಿಕ್ಕಾಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆದುಕೊಳ್ಳಿ.

ಒಪ್ಪಿಗೆಯನ್ನು "ಹೌದು" ಅಥವಾ "ಇಲ್ಲ" ಅಂತ ಒಂದೇ ಗೆರೆಯಲ್ಲಿ ಕೇಳುವುದು ತಪ್ಪು. ನಾನು ಬೇರೆ ಬೇರೆ ಕೇಳುತ್ತೇನೆ. ಮುಖ ಕಾಣದ ಫೋಟೋ ತೋರಿಸಬಹುದಾ? ಮುಖ ಕಾಣುವುದನ್ನು, ಎದುರಿಗೆ ಕೂತ ಇನ್ನೊಬ್ಬ ಗ್ರಾಹಕರಿಗೆ ನನ್ನ ಟ್ಯಾಬ್ಲೆಟ್‌ನಲ್ಲಿ ಮಾತ್ರ ತೋರಿಸಬಹುದಾ? ವೆಬ್‌ಸೈಟಿಗೆ ಹಾಕಬಹುದಾ? ಸ್ಪರ್ಧೆಗೆ, ಪತ್ರಿಕೆಗೆ ಕಳಿಸಬಹುದಾ? ಎಷ್ಟು ತಿಂಗಳ ನಂತರ? ಅವರ ಮದುವೆಯ ಫೋಟೋ ತೆಗೆದದ್ದು ನಾನು ಅಂತ ಬಾಯಿಮಾತಿನಲ್ಲಿ ಹೇಳಬಹುದಾ? ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಯಾವುದಕ್ಕೂ ಉತ್ತರ ಬರದಿದ್ದರೆ ಅದು "ಇಲ್ಲ" ಅಂತಲೇ ಲೆಕ್ಕ. ಮತ್ತೆ, ಒಪ್ಪಿಗೆ ಕೊಟ್ಟವರು ಆಮೇಲೆ ಬೇಡ ಅಂದರೆ ಎಷ್ಟು ದಿನದೊಳಗೆ ತೆಗೆದುಹಾಕುತ್ತೀರಿ ಅನ್ನುವುದನ್ನೂ ಬರೆಯಿರಿ.

ಗ್ರಾಹಕರು ಗೋಪ್ಯತೆಯ ಕರಾರು ತಂದರೆ ಬೇಜಾರು ಮಾಡಿಕೊಳ್ಳಬೇಡಿ, ಓದಿ ಸಹಿ ಹಾಕಿ. ಆದರೆ ಅದರಲ್ಲಿ ಎರಡು ನೋಡಿ. ಬೇರೆಯವರು ಮಾಡಿದ ಸೋರಿಕೆಗೂ ನೀವೇ ಹೊಣೆ ಅಂತ ಇದೆಯಾ? ಮದುವೆಗೆ ಬಂದ ನೆಂಟರು ಮೊಬೈಲ್‌ನಲ್ಲಿ ತೆಗೆದದ್ದಕ್ಕೆ ನೀವು ಹೊಣೆ ಆಗಲು ಸಾಧ್ಯವಿಲ್ಲ. ಎರಡನೆಯದು, ನಿಮ್ಮ ಸಹಾಯಕರು, ಎಡಿಟ್ ಮಾಡುವವರು, ಆಲ್ಬಂ ಮುದ್ರಿಸುವವರು ಅದೇ ಕರಾರಿನೊಳಗೆ ಬರುತ್ತಾರಾ? ಬರದಿದ್ದರೆ ಅವರಿಂದ ನೀವೇ ಬೇರೆ ಸಹಿ ತೆಗೆದುಕೊಳ್ಳಬೇಕು.

ಕರಾರು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. 2000ದ ನವೆಂಬರ್ 18ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಹಾಲಿವುಡ್ ನಟರಾದ ಮೈಕೆಲ್ ಡಗ್ಲಸ್ ಮತ್ತು ಕ್ಯಾಥರೀನ್ ಜೀಟಾ ಜೋನ್ಸ್ ಮದುವೆ ಆಯಿತು. 'ಓಕೆ!' ಪತ್ರಿಕೆಗೆ 10 ಲಕ್ಷ ಪೌಂಡಿಗೆ ಫೋಟೋ ಹಕ್ಕು ಕೊಟ್ಟಿದ್ದರು, ನೆಂಟರು ಕ್ಯಾಮೆರಾ ತರುವ ಹಾಗಿರಲಿಲ್ಲ, ಕಾವಲು ಗಟ್ಟಿಯಾಗಿತ್ತು. ಆದರೂ ಒಬ್ಬ ಒಳಗೆ ನುಸುಳಿ ಗುಟ್ಟಾಗಿ ತೆಗೆದ ಚಿತ್ರಗಳು ಎದುರಾಳಿ ಪತ್ರಿಕೆ 'ಹಲೋ!'ದಲ್ಲಿ ಬಂದವು. ಕೇಸು ಕೊನೆಯಾಗಿದ್ದು 2007ರಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಗಂಡ ಹೆಂಡತಿಗೆ ಸಿಕ್ಕ ಪರಿಹಾರ 15,000 ಪೌಂಡಿಗಿಂತ ಕಡಿಮೆ. ಚಿತ್ರ ಹೊರಗೆ ಹೋದ ಮೇಲೆ ಕೋರ್ಟು ದುಡ್ಡು ಕೊಡಿಸಬಹುದು, ನೋಡಿದವರ ಕಣ್ಣಿಂದ ಅದನ್ನು ತೆಗೆಯಲಾರದು ಅಲ್ವಾ.

ತಂಡಕ್ಕೆ ಎಷ್ಟು ಹೇಳಬೇಕು

ಬೇಕಾದಷ್ಟು ಮಾತ್ರ. ನಮ್ಮ ಕ್ಯಾಲೆಂಡರ್‌ನಲ್ಲಿ, ಫೋಲ್ಡರ್ ಹೆಸರಿನಲ್ಲಿ, ಬಿಲ್ಲಿನ ಫೈಲಿನಲ್ಲಿ ಮದುಮಕ್ಕಳ ಹೆಸರು ಇರುವುದಿಲ್ಲ, ನಮಗೆ ಮಾತ್ರ ಗೊತ್ತಿರುವ ಒಂದು ಗುಪ್ತ ಪದ ಇರುತ್ತದೆ. ಸಹಾಯಕರಿಗೆ ತಾರೀಕು, ಊರು, ಎಷ್ಟು ಗಂಟೆ ಕೆಲಸ ಅನ್ನುವುದು ಮುಂಚೆಯೇ ಗೊತ್ತಿರುತ್ತದೆ. ಯಾರ ಮದುವೆ, ಯಾವ ಜಾಗ ಅನ್ನುವುದು ಹೊರಡುವ ಹೊತ್ತಿಗೆ. ಅವರ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಗೊತ್ತಿಲ್ಲದ ವಿಷಯ ಬಾಯಿ ತಪ್ಪಿ ಬರುವುದಿಲ್ಲ, ಏನಾದರೂ ಸೋರಿದರೆ ಅವರ ಮೇಲೆ ಅನುಮಾನವೂ ಬರುವುದಿಲ್ಲ. ಇದನ್ನು ಅವರಿಗೆ ಹಾಗೇ ಬಿಡಿಸಿ ಹೇಳಿ.

ಕೆಲಸದ ಹೊತ್ತಿನಲ್ಲಿ ತಂಡದ ಯಾರೂ ಸ್ವಂತ ಮೊಬೈಲ್‌ನಲ್ಲಿ ಫೋಟೋ ತೆಗೆಯಬಾರದು. ತೆರೆಮರೆಯ ಕೆಲಸ ಅಂತ ಲೈಟ್ ಸ್ಟ್ಯಾಂಡಿನ ಫೋಟೋ ಕೂಡ ಬೇಡ. ಲೊಕೇಶನ್ ಹಂಚುವ ಆ್ಯಪ್‌ಗಳು ಬಂದ್.

ಮದುವೆಯ ದಿನ

ಮೊದಲು ಕ್ಯಾಮೆರಾ. ಫೋಕಸ್ ಆದಾಗ ಬರುವ ಬೀಪ್ ಸದ್ದು ಬಂದ್ ಮಾಡಿ. ಫೋಕಸ್‌ಗೆ ಮಿನುಗುವ ಚಿಕ್ಕ ದೀಪ ಬಂದ್ ಮಾಡಿ. ಫೋಟೋ ತೆಗೆದ ಕೂಡಲೇ ಹಿಂದಿನ ಪರದೆಯಲ್ಲಿ ಚಿತ್ರ ಬರುವುದನ್ನೂ ಬಂದ್ ಮಾಡಿ, ಏಕೆಂದರೆ ನಿಮ್ಮ ಹಿಂದೆ ಯಾರು ನಿಂತು ನೋಡುತ್ತಿದ್ದಾರೋ ನಿಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾದ ವೈಫೈ, ಬ್ಲೂಟೂತ್ ಎರಡೂ ಬಂದ್ ಇರಲಿ. ಮೊಬೈಲಿಗೆ ಜೋಡಿಸಿದ್ದರೆ ಅದು ಸದ್ದಿಲ್ಲದೆ ಪ್ರತಿ ಫೋಟೋದೊಳಗೆ ಜಾಗದ ಗುರುತನ್ನು ಬರೆಯುತ್ತಾ ಹೋಗಬಹುದು.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸದ್ದೇ ಇರುವುದಿಲ್ಲ, ಪ್ರಮಾಣ ಮಾಡುವ ಹೊತ್ತಿಗೆ, ಯಾರಾದರೂ ಅಳುವ ಹೊತ್ತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬೀಳಬಹುದು, ಬೇಗ ಅಲುಗುವ ಕೈ ಕಾಲು ಓರೆಯಾಗಬಹುದು. ಮೊದಲೇ ಆ ಜಾಗದ ದೀಪದಲ್ಲಿ ನಾಲ್ಕು ಫೋಟೋ ತೆಗೆದು ನೋಡಿಕೊಳ್ಳಿ. ಕುಣಿತ ಶುರುವಾದ ಮೇಲೆ ಸದ್ದು ಯಾರಿಗೂ ಕೇಳಿಸುವುದಿಲ್ಲ, ಮಾಮೂಲಿ ಶಟರ್‌ಗೆ ಬನ್ನಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸದ್ದಿಲ್ಲದ ಕ್ಯಾಮೆರಾ, ದೂರದ್ದನ್ನು ಹತ್ತಿರ ತೋರಿಸುವ 70-200ರ ಉದ್ದ ಲೆನ್ಸ್ ಎರಡೂ ಕೈಯಲ್ಲಿದ್ದಾಗ ದೂರದ ಮೂಲೆಯಲ್ಲಿ ಇಬ್ಬರು ಪಿಸುಗುಡುವುದನ್ನು ಅವರಿಗೆ ತಿಳಿಯದೆ ಹಿಡಿಯಬಹುದು. ಹಿಡಿಯಬಹುದು ಅಂತ ಹಿಡಿಯಬೇಕಾಗಿಲ್ಲ. ನನ್ನ ಅಳತೆ ಇಷ್ಟೇ: ಈ ಮನುಷ್ಯ ಈಗ ತಿರುಗಿ ನನ್ನನ್ನು ನೋಡಿದರೆ ನಾನು ಕ್ಯಾಮೆರಾ ಇಳಿಸುತ್ತೇನಾ? ಇಳಿಸುತ್ತೇನೆ ಅಂತ ಅನಿಸಿದರೆ ಆ ಫೋಟೋ ತೆಗೆಯುವುದೇ ಇಲ್ಲ. ಖುಷಿಗೆ ಅಳುವುದಕ್ಕೂ ಕುಸಿದು ಅಳುವುದಕ್ಕೂ ವ್ಯತ್ಯಾಸ ಇದೆ, ಹತ್ತಿರ ನಿಂತರೆ ಅದು ಗೊತ್ತಾಗುತ್ತದೆ. ಎರಡನೆಯದಾದರೆ ಬೆನ್ನು ತಿರುಗಿಸಿ ಹೂವಿನ ಫೋಟೋ ತೆಗೆಯಲು ಹೋಗಿ. ಜಗಳ, ಕುಡಿದು ತೂರಾಡುವವರು, ಯಾರಿಗಾದರೂ ಮೈಗೆ ಹುಷಾರು ತಪ್ಪಿದ್ದು, ಇವು ಕ್ಯಾಮೆರಾದ ಮೆಮೊರಿ ಕಾರ್ಡಿನೊಳಗೆ ಹೋಗುವುದೇ ಬೇಡ. ತೆಗೆಯದ ಫೋಟೋ ಕದ್ದು ಹೋಗುವುದಿಲ್ಲ.

ಅಲಂಕಾರದ ಕೋಣೆ ಎಲ್ಲಕ್ಕಿಂತ ಸೂಕ್ಷ್ಮ. ಬಾಗಿಲು ತಟ್ಟಿ, ಒಳಗಿನಿಂದ "ಬನ್ನಿ" ಅಂತ ಕೇಳಿದ ಮೇಲೆ ಹೋಗಿ, ಕ್ಯಾಮೆರಾ ಕೆಳಗಿರಲಿ. ಬಟ್ಟೆ ಬದಲಿಸುವಾಗ ಎಲ್ಲರೂ ಹೊರಗೆ. ಮದುಮಗಳು "ಪರವಾಗಿಲ್ಲ" ಅಂದರೂ ಪಕ್ಕದಲ್ಲಿ ಆಕೆಯ ಗೆಳತಿ, ಅಕ್ಕ, ಚಿಕ್ಕ ಮಕ್ಕಳು ಇರುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ. ಆ ಕೋಣೆಯ ಕನ್ನಡಿಗಳಲ್ಲಿ ಏನೇನು ಕಾಣುತ್ತದೆ ಅನ್ನುವುದನ್ನು ಫೋಟೋ ತೆಗೆಯುವ ಮುಂಚೆ ನೋಡಿ. ನಾನಂತೂ ಈಗ ಯಾವ ಕೋಣೆಗೆ ಹೋದರೂ ಮೊದಲು ಕನ್ನಡಿ ಹುಡುಕುತ್ತೇನೆ.

ಉಂಗುರ, ಬಟ್ಟೆ, ಕರೆಯೋಲೆ ಇಂಥ ಸಣ್ಣ ವಸ್ತುಗಳ ಫೋಟೋದಲ್ಲಿ ಗುಟ್ಟು ಸೋರುವುದು ಜಾಸ್ತಿ, ಯಾಕೆಂದರೆ ಅಲ್ಲಿ ಮುಖ ಇಲ್ಲ ಅಂತ ನಾವು ಎಚ್ಚರ ತಪ್ಪುತ್ತೇವೆ. ರೂಮಿನ ಕೀ ಕಾರ್ಡಿನ ಕವರ್ ಮೇಲೆ ನಂಬರ್ ಬರೆದಿರುತ್ತದೆ. ಕರೆಯೋಲೆಯಲ್ಲಿ ಮನೆ ವಿಳಾಸ ಇರುತ್ತದೆ. ಮೇಜಿನ ಮೇಲೆ ಪಾಸ್‌ಪೋರ್ಟ್, ಮಾತ್ರೆ ಡಬ್ಬಿ, ಪರದೆ ತೆರೆದ ಮೊಬೈಲ್, ಒಡವೆ ಪೆಟ್ಟಿಗೆಯ ರಸೀದಿ. ಒಡವೆಯ ಹತ್ತಿರದ ಫೋಟೋ ಮತ್ತು ಮನೆಯ ಗುರುತು ಎರಡೂ ಒಂದೇ ಕಡೆ ಸಿಕ್ಕರೆ ಕಳ್ಳರಿಗೆ ಬೇರೇನು ಬೇಕು? ವಸ್ತುವನ್ನು ಎತ್ತಿ ಖಾಲಿ ಜಾಗದಲ್ಲಿಟ್ಟು ತೆಗೆಯಿರಿ, ಕೇಳಿಯೇ ಎತ್ತಿ.

ಫೋಟೋ ಬೇಡ ಅನ್ನುವ ನೆಂಟರೂ ಇರುತ್ತಾರೆ. ಅವರ ಹೆಸರು, ಸಾಧ್ಯವಾದರೆ ಮುಖ, ಮುಂಚೆಯೇ ಮನೆಯವರಿಂದ ತಿಳಿದುಕೊಳ್ಳಿ. ಅಂಥವರನ್ನು ಎದ್ದು ಕಾಣುವ ಬಣ್ಣದ ಪಟ್ಟಿ ಕಟ್ಟಿ ಗುರುತಿಸುವುದು ನನಗೆ ಇಷ್ಟವಿಲ್ಲ. ಬಚ್ಚಿಟ್ಟುಕೊಳ್ಳಬೇಕಾದವರನ್ನೇ ಅದು ಎತ್ತಿ ತೋರಿಸುತ್ತದೆ. ಅವರ ಮೇಜು ಎಲ್ಲಿದೆ ಅಂತ ತಂಡದವರಿಗೆ ಹೇಳಿ, ಆ ಕಡೆ ಬೆನ್ನು ಹಾಕಿ ನಿಂತು ಕೆಲಸ ಮಾಡಿ. ಮಕ್ಕಳ ವಿಷಯದಲ್ಲಿ ಆ ಮಗುವಿನ ಅಪ್ಪ ಅಮ್ಮನ ಮಾತೇ ಕೊನೆ, ಮದುಮಕ್ಕಳದ್ದಲ್ಲ. ಮನೆಯವರು ನೆಂಟರ ಮೊಬೈಲ್‌ಗಳ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುವುದಾದರೆ ನಿಮ್ಮ ತಂಡದ ಮೊಬೈಲ್‌ಗಳಿಗೇ ಮೊದಲು ಅಂಟಿಸಿ ಅನ್ನಿ. ಡ್ರೋನ್ ಹಾರಿಸುವ ಮುಂಚೆ ಆ ಊರಿನ ನಿಯಮ ನೋಡಿ, ಪಕ್ಕದ ಮನೆಯ ಅಂಗಳ ಚೌಕಟ್ಟಿನೊಳಗೆ ಬರುತ್ತದೆಯಾ ಅಂತಲೂ ನೋಡಿ.

ಆ ರಾತ್ರಿ

ಹೆಚ್ಚಿನ ಕ್ಯಾಮೆರಾಗಳು ಕಾರ್ಡಿನೊಳಗೆ ಫೋಟೋವನ್ನು ಬೀಗ ಹಾಕಿ ಇಡುವುದಿಲ್ಲ. ಕಾರ್ಡ್ ಸಿಕ್ಕವರು ಯಾರೇ ಆಗಲಿ ತೆರೆದು ನೋಡಬಹುದು. ಎರಡು ಕಾರ್ಡ್‌ಗೂ ಒಂದೇ ಸಲ ಬರೆಯುವ ಕ್ಯಾಮೆರಾ ಇದ್ದರೆ ಒಂದು ಸೆಟ್ ನಿಮ್ಮ ಮೈಮೇಲಿನ ಜೇಬಿನಲ್ಲಿ, ಇನ್ನೊಂದು ತಂಡದ ಮತ್ತೊಬ್ಬರ ಹತ್ತಿರ. ಬ್ಯಾಗನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಕಾರ್ಡ್‌ಗಳಿಗೆ ನಂಬರ್ ಹಾಕಿ, ಹೊರಡುವ ಮುಂಚೆ ಎಣಿಸಿ.

ಲ್ಯಾಪ್‌ಟಾಪ್ ಮತ್ತು ಹಾರ್ಡ್‌ಡಿಸ್ಕ್ ಎರಡಕ್ಕೂ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಹಾಕುವ ಬೀಗ, ಇರಲೇಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್), ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಎರಡನ್ನೂ ಸೆಟ್ಟಿಂಗ್ಸ್‌ನಲ್ಲೇ ಶುರು ಮಾಡಬಹುದು. ಸುಮ್ನೆ ಲಾಗಿನ್ ಪಾಸ್‌ವರ್ಡ್ ಇದ್ದರೆ ಸಾಲದು, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಎಲ್ಲ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಮರೆತರೆ ತೆರೆಯುವ ರಿಕವರಿ ಕೀಯನ್ನು ಬೇರೆ ಕಡೆ ಇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಅನ್ನುವ ಹಳೆಯ ಬ್ಯಾಕಪ್ ನಿಯಮ ಒಳ್ಳೆಯದೇ. ಆದರೆ ಪ್ರತಿಯೊಂದು ನಕಲೂ ಸೋರಬಹುದಾದ ಇನ್ನೊಂದು ತೂತು, ಮೂರಕ್ಕೂ ಬೀಗ ಇರಲಿ.

ಕೊಡುವಾಗ

ಫೋಟೋದೊಳಗೆ ಕಾಣದ ಬರಹ ಇರುತ್ತದೆ, ಅದಕ್ಕೆ ಮೆಟಾಡೇಟಾ ಅನ್ನುತ್ತಾರೆ: ತೆಗೆದ ಹೊತ್ತು, ಕ್ಯಾಮೆರಾದ ಸೀರಿಯಲ್ ನಂಬರ್, ಕೆಲವೊಮ್ಮೆ ಜಾಗ, ನೀವೇ ಹಾಕಿದ ಹೆಸರುಗಳು. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ ಭಾಗದಲ್ಲಿ ಕಾಪಿರೈಟ್ ಮಾತ್ರ ಉಳಿಸುವ ಆಯ್ಕೆ ಇದೆ, ಜಾಗ ಮತ್ತು ಜನರ ಮಾಹಿತಿ ತೆಗೆಯುವ ಆಯ್ಕೆಯೂ ಇದೆ. ಹೊರಗೆ ಹೋಗುವ ಪ್ರತಿಗೆ ಅದನ್ನೇ ಖಾಯಂ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಈ ಬರಹ ಅಳಿದುಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಮತ್ತೆ, ನಂಬರ್ ಅಥವಾ ಹೆಸರು ಮುಚ್ಚಬೇಕಾದರೆ ಸ್ವಲ್ಪ ಮಸುಕು ಮಾಡಿ ಬಿಡಬೇಡಿ, ಅಕ್ಷರಗಳ ಆಕಾರ ಊಹಿಸಲು ಆಗುತ್ತದೆ. ಆ ಭಾಗವನ್ನೇ ಪೂರ್ತಿ ಅಳಿಸಿ, ಇಲ್ಲ ಕತ್ತರಿಸಿ.

ಆನ್‌ಲೈನ್ ಗ್ಯಾಲರಿಗೆ ಪಾಸ್‌ವರ್ಡ್ ಹಾಕಿ, ಲಿಂಕ್ ಮತ್ತು ಪಾಸ್‌ವರ್ಡ್ ಬೇರೆ ಬೇರೆ ದಾರಿಯಲ್ಲಿ ಕಳಿಸಿ, ಸರ್ಚ್ ಎಂಜಿನ್‌ಗೆ ಕಾಣದಂತೆ ಮಾಡಿ, ಮುಗಿಯುವ ತಾರೀಕು ಇಡಿ. ಗ್ಯಾಲರಿಯ ಹೆಸರಿನಲ್ಲಿ ಮದುಮಕ್ಕಳ ಹೆಸರು ಬೇಡ. ನಾನು ಎರಡು ಗ್ಯಾಲರಿ ಮಾಡುತ್ತೇನೆ. ಒಂದರಲ್ಲಿ ಎಲ್ಲ ಫೋಟೋ, ಮದುಮಕ್ಕಳಿಗೆ ಮಾತ್ರ. ಅವರು ಆರಿಸಿಕೊಟ್ಟವು ನೆಂಟರಿಗೆ ಇನ್ನೊಂದರಲ್ಲಿ. ಸ್ಕ್ರೀನ್‌ಶಾಟ್ ತಡೆಯಲು ಆಗುವುದಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಸೆಲ್ಫಿ ಕೊಟ್ಟರೆ ನಿಮ್ಮ ಫೋಟೋಗಳನ್ನೆಲ್ಲ ಹುಡುಕಿ ಕೊಡುವ ಗ್ಯಾಲರಿಗಳು ಈಗ ಬಂದಿವೆ. ಅನುಕೂಲವೇ, ಆದರೆ ಅದಕ್ಕಾಗಿ ಬಂದ ಪ್ರತಿಯೊಬ್ಬರ ಮುಖದ ಅಳತೆಯೂ ಯಾವುದೋ ಕಂಪನಿಯ ಯಂತ್ರಕ್ಕೆ ಹೋಗುತ್ತದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಜನರ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು, ಒಬ್ಬರನ್ನು ಗುರುತಿಸಲು ಬಳಸುವ ಇಂಥ ಮಾಹಿತಿಯನ್ನು ವಿಶೇಷ ಎಚ್ಚರ ಬೇಕಾದ ಗುಂಪಿಗೆ ಸೇರಿಸಿದೆ. ಖಾಸಗಿ ಮದುವೆಯಲ್ಲಿ ನಾನು ಇದನ್ನು ಬಳಸುವುದಿಲ್ಲ. ಫೋಟೋ ಆರಿಸಿ ಕೊಡುವ, ಬಣ್ಣ ತಿದ್ದುವ ಎಐ ಸೇವೆಗಳನ್ನೂ ಹೀಗೇ ಕೇಳಿ: ಫೋಟೋ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದಾ, ಹೊರಗೆ ಹೋಗುತ್ತದಾ?

ಕೆಲಸ ತೋರಿಸಬೇಕಲ್ಲ

ಹೊಸಬರ ನಿಜವಾದ ಕಷ್ಟ ಇದು, ನನಗೆ ಅರ್ಥವಾಗುತ್ತದೆ. ಒಳ್ಳೆಯ ಕೆಲಸ ಮಾಡಿ ತೋರಿಸದಿದ್ದರೆ ಮುಂದಿನ ಕೆಲಸ ಹೇಗೆ ಸಿಗುತ್ತದೆ? 1996ರ ಸೆಪ್ಟೆಂಬರ್ 21ರಂದು ಅಮೆರಿಕದ ಕಂಬರ್‌ಲ್ಯಾಂಡ್ ದ್ವೀಪದ ಪುಟ್ಟ ಮರದ ಚರ್ಚಿನಲ್ಲಿ ಅಧ್ಯಕ್ಷ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ಮತ್ತು ಕ್ಯಾರೊಲಿನ್ ಬೆಸೆಟ್ ಮದುವೆ ನಡೆದಾಗ ಇದ್ದವರು ಸುಮಾರು 40 ಜನ. ಫೋಟೋ ತೆಗೆದವರು ಡೆನಿಸ್ ರೆಗ್ಗಿ. ಚರ್ಚಿನಿಂದ ಹೊರಗೆ ಬರುತ್ತಾ ಮದುಮಗ ಆಕೆಯ ಕೈಗೆ ಮುತ್ತಿಡುವ ಒಂದು ಚಿತ್ರವನ್ನು ಲೋಕ ನೋಡಿತು, ಜನ ಇವತ್ತಿಗೂ ಆ ಚಿತ್ರವನ್ನು ನೆನೆಯುತ್ತಾರೆ. ಹಾಗಾಗಿ ಮದುಮಕ್ಕಳ ಜೊತೆ ಕೂತು ಅವರೇ ಆರಿಸಿದ ಒಂದೇ ಒಂದು ಫೋಟೋ ಕೇಳಿ. ನೂರು ಫೋಟೋಗೆ "ಬೇಡ" ಅನ್ನುವವರು ಒಂದಕ್ಕೆ "ಆಗಲಿ" ಅನ್ನುವುದು ಉಂಟು. ಅದೂ ಆಗದಿದ್ದರೆ ಮುಖ ಇಲ್ಲದ, ಜಾಗ ತಿಳಿಯದ ಕೈಗಳು, ಬೆಳಕು, ಬಟ್ಟೆಯ ನೆರಿಗೆ. ಅದೂ ಬೇಡವೆಂದರೆ ಮುಂದಿನ ಗ್ರಾಹಕರಿಗೆ "ನಾನು ತೋರಿಸಲಾಗದ ಮದುವೆಗಳು ಇವೆ" ಅಂತ ಹೇಳಿ. ನಾಳೆ ಅವರ ಮದುವೆಯನ್ನೂ ಹೀಗೇ ಮುಚ್ಚಿಡುತ್ತೀರಿ ಅನ್ನುವುದು ಅವರಿಗೆ ತಿಳಿಯುತ್ತದೆ.

ಹೂವಿನವರು, ಮೇಕಪ್‌ನವರು, ಅಲಂಕಾರದವರು ಫೋಟೋ ಕೇಳುತ್ತಾರೆ. ಮದುಮಕ್ಕಳ ಬರಹದ ಒಪ್ಪಿಗೆ ಇಲ್ಲದೆ ಒಂದನ್ನೂ ಕೊಡಬೇಡಿ. ಬೇಜಾರಾದರೆ ಆಗಲಿ.

ಅಳಿಸುವುದು

ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅನ್ನುವುದು ಒಪ್ಪಂದದಲ್ಲಿ ಇರಲಿ. ಆಲ್ಬಂ ತಲುಪಿ, ಅವರ ಹತ್ತಿರ ಎರಡು ಪ್ರತಿ ಇದೆ ಅಂತ ಖಾತ್ರಿ ಆದ ಮೇಲೆ ಕೈಬಿಟ್ಟ ಫೋಟೋಗಳನ್ನು ಮೊದಲು ಅಳಿಸಿ. ಕಾರ್ಡನ್ನು ಮಾಮೂಲಿ ಫಾರ್ಮ್ಯಾಟ್ ಮಾಡಿದರೆ ಹೆಚ್ಚಾಗಿ ಅಳಿಯುವುದು ಫೈಲುಗಳ ಪಟ್ಟಿ ಮಾತ್ರ, ಅದರ ಮೇಲೆ ಹೊಸದು ಬರೆಯುವವರೆಗೆ ಹಳೆಯ ಚಿತ್ರಗಳನ್ನು ರಿಕವರಿ ಸಾಫ್ಟ್‌ವೇರ್ ಎತ್ತಿ ಕೊಡಬಲ್ಲದು. ಹಲವು ಕ್ಯಾಮೆರಾಗಳಲ್ಲಿ ಪಟ್ಟಿಯ ಜೊತೆ ಚಿತ್ರಗಳನ್ನೂ ಅಳಿಸುವ ಲೋ ಲೆವೆಲ್ ಫಾರ್ಮ್ಯಾಟ್ ಇದೆ, ಅದನ್ನು ಬಳಸಿ. ಹಳೆಯ ಕಾರ್ಡ್, ಹಳೆಯ ಡಿಸ್ಕ್ ಯಾರಿಗೂ ಮಾರಬೇಡಿ. ಮೊದಲಿನಿಂದಲೂ ಬೀಗ ಹಾಕಿದ್ದ ಡಿಸ್ಕ್ ಆದರೆ ಅದರ ಕೀ ಅಳಿಸಿದರೆ ಸಾಕು, ಒಳಗಿನದು ಓದಲು ಬರುವುದಿಲ್ಲ.

ಕ್ಲೌಡ್‌ನ ಕಸದ ಬುಟ್ಟಿ, ಎಡಿಟ್ ಮಾಡುವವರ ಕಂಪ್ಯೂಟರ್, ಆಲ್ಬಂ ಮುದ್ರಿಸಿದವರ ಸರ್ವರ್, ಮೊಬೈಲಿನ ಚಾಟ್, ಲೈಟ್‌ರೂಮ್ ಕ್ಯಾಟಲಾಗ್ ಉಳಿಸಿಕೊಂಡ ಚಿಕ್ಕ ಚಿತ್ರಗಳು, ಇಷ್ಟನ್ನೂ ಒಂದೊಂದಾಗಿ ನೋಡಿ. ಮುಗಿದ ದಿನ ಮದುಮಕ್ಕಳಿಗೆ ಎರಡು ಸಾಲು ಬರೆಯಿರಿ: ಏನೇನು ಅಳಿಸಿದೆ, ಏನು ಇನ್ನೂ ನನ್ನ ಹತ್ತಿರ ಇದೆ, ಅದು ಯಾವ ತಾರೀಕಿನವರೆಗೆ ಇರುತ್ತದೆ.